ಡಿಫೆನ್‌ಬೇಕಿಯಾ ಸುಳಿ ಕತ್ತರಿಸಲು ಹೆದರಬೇಡಿ, ಚಾಕು ಒರೆಸಲು ಮರೆಯಬೇಡಿ

ಎರಡು ವರ್ಷದ ಹಿಂದೆ ನಮ್ಮ ಹೊಲದ ಮೂಲೆಯಲ್ಲಿ ಶೇಡ್ ನೆಟ್ ಕಟ್ಟಿ, ಮನೆಯೊಳಗೆ ಇಡುವ ಎಲೆಗಿಡಗಳ ಸಣ್ಣ ನರ್ಸರಿ ಶುರು ಮಾಡಿದೆ. ಮೊದಲು ತಂದದ್ದು ಡಿಫೆನ್‌ಬೇಕಿಯಾ. ಅಗಲವಾದ ಎಲೆ, ಹಸಿರಿನ ಮೇಲೆ ಹಾಲು ಚೆಲ್ಲಿದಂತೆ ಬಿಳಿ ಬಣ್ಣ. ನೀವೂ ಬ್ಯಾಂಕಿನಲ್ಲೋ ಡಾಕ್ಟರ ಕ್ಲಿನಿಕ್ಕಿನಲ್ಲೋ ಖಂಡಿತ ನೋಡಿರುತ್ತೀರಿ.

ಒಂದು ವರ್ಷ ಕಳೆಯುವಷ್ಟರಲ್ಲಿ 60 ಗಿಡಗಳು ಉದ್ದಕ್ಕೆ ಬೆಳೆದು, ಕೆಳಗಿನ ಎಲೆ ಉದುರಿ, ಬೋಳು ಕಾಂಡದ ತುದಿಯಲ್ಲಿ ನಾಲ್ಕೈದು ಎಲೆ ಹೊತ್ತು ನಿಂತವು. ಕೊಳ್ಳಲು ಬಂದವರು "ಇದೇನ್ರೀ, ಕೊಡೆ ನಿಲ್ಸಿದಂಗಿದೆ" ಅಂತ ನಕ್ಕು ಮುಂದೆ ಹೋದರು. ಕತ್ತರಿಸೋಣ ಅಂದುಕೊಂಡರೆ ಅಪ್ಪ ಒಪ್ಪಲಿಲ್ಲ. "ಸುಳಿ ಕಡಿದ್ರೆ ಗಿಡ ಉಳಿಯುತ್ತೇನೋ?" ಅಂದರು.

ಅಪ್ಪನ ಭಯಕ್ಕೆ ಕಾರಣ ಇತ್ತು

ಅಪ್ಪ ಜೀವನವಿಡೀ ನೋಡಿದ್ದು ತೆಂಗು, ಅಡಿಕೆ. ಈ ಮರಗಳಿಗೆ ಬೆಳೆಯುವ ಜಾಗ ಒಂದೇ, ಅದು ನೆತ್ತಿಯ ಸುಳಿ. ಸುಳಿ ಹೋಯಿತು ಅಂದರೆ ಮರ ಹೋಯಿತು.

ಡಿಫೆನ್‌ಬೇಕಿಯಾ ಹಾಗಲ್ಲ. ಅದನ್ನು ಕಬ್ಬಿನ ಜೊತೆ ಹೋಲಿಸಿ ನೋಡಿ. ಕಾಂಡದ ಮೇಲೆ ಉಂಗುರದಂಥ ಗೆಣ್ಣುಗಳಿವೆ, ಗೆಣ್ಣಿನಲ್ಲಿ ಸಣ್ಣ ಕಣ್ಣಿದೆ. ಸುಳಿ ಇರುವ ತನಕ ಅಲ್ಲಿ ತಯಾರಾಗುವ ಆಕ್ಸಿನ್ ಎಂಬ ಹಾರ್ಮೋನು ಕೆಳಗಿಳಿದು ಬಂದು, ಈ ಕಣ್ಣುಗಳು ಒಡೆಯದಂತೆ ತಡೆಯುತ್ತದೆ. ಸುಳಿ ತೆಗೆದರೆ ಆ ತಡೆ ಹೋಗುತ್ತದೆ, ಕಣ್ಣು ಒಡೆಯುತ್ತದೆ. ತೊಗರಿಯಲ್ಲಿ ಕುಡಿ ಚಿವುಟಿದರೆ ಕವಲು ಹೆಚ್ಚುತ್ತದಲ್ಲ, ಅದೇ ಲೆಕ್ಕ.

ಇಷ್ಟು ಓದಿಕೊಂಡು ಧೈರ್ಯ ಮಾಡಿದೆ. ಜುಲೈ ತಿಂಗಳ ಒಂದು ದಿನ 60 ಗಿಡವನ್ನೂ ಸಾಲಾಗಿ ಇಟ್ಟು, ಒಂದೇ ಚಾಕುವಿನಲ್ಲಿ ಕತ್ತರಿಸುತ್ತಾ ಹೋದೆ.

ನಾನು ಮಾಡಿದ ತಪ್ಪು

ಹತ್ತು ದಿನ ಕಳೆಯಿತು. ಕೆಲವು ಬುಡಗಳು ಮೆತ್ತಗಾಗಿ, ಕಂದು ನೀರು ಸೋರಿ, ಕೆಟ್ಟ ವಾಸನೆ ಬರತೊಡಗಿತು. ನೆಟ್ಟ ತುಂಡುಗಳೂ ಕೊಳೆತವು. ಅಪ್ಪ ಏನೂ ಹೇಳಲಿಲ್ಲ, ಸುಮ್ಮನೆ ನೋಡಿದರು. ಅದೇ ಹೆಚ್ಚು ನೋವಾಯಿತು.

ಕತ್ತರಿಸುವ ಮುಂಚೆ ಸಾಲಿನ ಫೋಟೋ ತೆಗೆದಿದ್ದೆ, ಪುಣ್ಯಕ್ಕೆ. ಫೋನ್ ತೆಗೆದು ಒಂದೊಂದೇ ಗಿಡ ಹೊಂದಿಸಿ ನೋಡಿದೆ. ಮೊದಲ 34 ಗಿಡಗಳಿಗೆ ಏನೂ ಆಗಿರಲಿಲ್ಲ. 35ನೆಯದು ಬುಡ ಸ್ವಲ್ಪ ಮೆತ್ತಗಿದ್ದ ಗಿಡ. "ಇರಲಿ, ಕತ್ತರಿಸಿದರೆ ಸರಿ ಹೋಗಬಹುದು" ಅಂತ ಅದನ್ನೂ ಕತ್ತರಿಸಿದ್ದೆ. ಅದರ ನಂತರ ಕತ್ತರಿಸಿದ 25ರಲ್ಲಿ 21 ಗಿಡ ಕೊಳೆತಿದ್ದವು!

ಗಿಡ ಸತ್ತದ್ದು ಸುಳಿ ಕಡಿದದ್ದಕ್ಕಲ್ಲ, ಚಾಕುವಿನಿಂದ. ಇದು ಮೆದು ಕೊಳೆ ರೋಗ. ಎರ್ವಿನಿಯಾ ಗುಂಪಿನ ಬ್ಯಾಕ್ಟೀರಿಯಾದಿಂದ ಬರುತ್ತದೆ, ಗಾಯದ ಮೂಲಕ ಒಳಗೆ ಹೋಗುತ್ತದೆ. ಮಳೆಗಾಲದ ತೇವ ಅದಕ್ಕೆ ಹಬ್ಬ. ತಗುಲಿದ ಮೇಲೆ ಔಷಧಿ ಹೊಡೆದು ಉಳಿಸುವ ರೋಗ ಇದಲ್ಲ. ಒಂದು ತಾಯಿಗಿಡದಿಂದ ನಾಲ್ಕೈದು ಗಿಡ ಮಾಡಬಹುದು. ಅಂದರೆ ಆ ಒಂದು ದಿನದಲ್ಲಿ ನಾನು ಮಾರಬಹುದಾಗಿದ್ದ ಸುಮಾರು ನೂರು ಗಿಡ ಕಳೆದುಕೊಂಡೆ.

ಈಗ ನಾನು ಮಾಡುವ ವಿಧಾನ

1. ಸಮಯ: ಬೆಚ್ಚಗಿನ ದಿನಗಳಲ್ಲಿ ಕತ್ತರಿಸಿ. ಡಿಸೆಂಬರ್, ಜನವರಿಯ ಚಳಿಯಲ್ಲಿ ಚಿಗುರು ಬರುವುದು ನಿಧಾನ. ಬಿಡದೆ ಮಳೆ ಹಿಡಿದ ವಾರವಂತೂ ಬೇಡವೇ ಬೇಡ. ನಾನು ಫೆಬ್ರವರಿ ಕೊನೆಗೆ ಶುರು ಮಾಡುತ್ತೇನೆ.

2. ಆಯ್ಕೆ: ಬುಡ ಒತ್ತಿ ನೋಡಿ. ಗಟ್ಟಿ ಇದ್ದರೆ ಮಾತ್ರ ಕತ್ತರಿಸಿ. ಮೆತ್ತಗಿದ್ದರೆ, ವಾಸನೆ ಬಂದರೆ ಕುಂಡದ ಮಣ್ಣಿನ ಸಮೇತ ನರ್ಸರಿಯಿಂದ ಹೊರಗೆ ಹಾಕಿ. ಕತ್ತರಿಸುವ ದಿನ ಎಲೆ, ಕಾಂಡ ಒಣಗಿರಲಿ.

3. ಕೈಗವಸು: ಈ ಗಿಡದ ರಸದಲ್ಲಿ ಸೂಜಿಯಂಥ ಕ್ಯಾಲ್ಸಿಯಂ ಆಕ್ಸಲೇಟ್ ಹರಳುಗಳಿವೆ. ಕೈಗೆ ತುರಿಕೆ, ಕಣ್ಣಿಗೆ ಬಿದ್ದರೆ ಉರಿ. ಜಗಿದರೆ ನಾಲಿಗೆ ಊದಿ ಮಾತೇ ನಿಲ್ಲುತ್ತದೆ. ಅದಕ್ಕೇ ಇಂಗ್ಲಿಷಿನಲ್ಲಿ ಇದಕ್ಕೆ 'ಡಂಬ್ ಕೇನ್' ಅಂತ ಹೆಸರು. ಕತ್ತರಿಸಿದ ಎಲೆ, ಕಾಂಡವನ್ನು ದನ, ಮೇಕೆಗೆ ಹಾಕಬೇಡಿ. ಮಕ್ಕಳ ಕೈಗೆ ಸಿಗದಂತೆ ಇಡಿ. ಕಣ್ಣಿಗೆ ಬಿದ್ದರೆ ಉಜ್ಜದೆ ನೀರಿನಲ್ಲಿ ಚೆನ್ನಾಗಿ ತೊಳೆದು ಡಾಕ್ಟರ ಹತ್ತಿರ ಹೋಗಿ.

4. ಚಾಕು: ಹರಿತವಾಗಿರಲಿ. ಎರಡು ಚಾಕು ಇಟ್ಟುಕೊಳ್ಳಿ. ಒಂದರಲ್ಲಿ ಒಂದು ಗಿಡ ಮುಗಿದ ಕೂಡಲೇ ರಸ ಒರೆಸಿ, ಮೆಡಿಕಲ್ ಶಾಪಿನಲ್ಲಿ ಸಿಗುವ ಸ್ಪಿರಿಟ್ಟಿನಲ್ಲಿ ಅದ್ದಿದ ಬಟ್ಟೆಯಿಂದ ಮತ್ತೆ ಒರೆಸಿ ಆರಲು ಬಿಡಿ. ಅಷ್ಟರಲ್ಲಿ ಇನ್ನೊಂದು ಚಾಕು ಬಳಸಿ. ಪ್ರತಿ ಗಿಡಕ್ಕೂ ಹೀಗೇ. ಸ್ಪಿರಿಟ್ ಬೆಂಕಿ ಹಿಡಿಯುತ್ತದೆ, ಬೀಡಿ ಸಿಗರೇಟು ದೂರ ಇರಲಿ.

5. ಎಲ್ಲಿ ಕತ್ತರಿಸಬೇಕು: ಮಣ್ಣಿನಿಂದ 10ರಿಂದ 15 ಸೆಂಟಿಮೀಟರ್ ಮೇಲೆ, ಒಂದು ಗೆಣ್ಣಿನ ಸ್ವಲ್ಪ ಮೇಲಕ್ಕೆ. ಉಳಿದ ಬುಡದಲ್ಲಿ ಎರಡು ಮೂರು ಒಳ್ಳೆಯ ಕಣ್ಣು ಇರಲೇಬೇಕು.

6. ತುದಿ: ಎರಡು ಮೂರು ಎಲೆ ಇರುವ ತುದಿಯನ್ನು, ಕೆಳಗಿನ ಎಲೆ ತೆಗೆದು, ಕೋಕೋಪೀಟ್ ಮತ್ತು ಮರಳಿನ ಮಿಶ್ರಣದಲ್ಲಿ ನೆಡಿ. ಸುಮಾರು ನಾಲ್ಕು ವಾರದಲ್ಲಿ ಬೇರು ಬರುತ್ತದೆ.

7. ನಡುವಿನ ಕಾಂಡ: ಎಸೆಯಬೇಡಿ, ಅದೇ ಲಾಭ. ಎರಡೆರಡು ಗೆಣ್ಣಿನ ತುಂಡು ಮಾಡಿ, ನೆರಳಲ್ಲಿ ಒಂದು ದಿನ ಗಾಯ ಒಣಗಿಸಿ. ಆಮೇಲೆ ಕಬ್ಬಿನ ತುಂಡಿನಂತೆ ಅಡ್ಡ ಮಲಗಿಸಿ, ಕಣ್ಣು ಮೇಲೆ ಕಾಣುವಂತೆ ಅರ್ಧ ಹೂಳಿ.

8. ನೀರು: ಬೋಳು ಬುಡಕ್ಕೆ ಎಲೆ ಇಲ್ಲ, ಹಾಗಾಗಿ ಅದು ಕುಡಿಯುವ ನೀರೂ ಕಡಿಮೆ. ಮೇಲ್ಮಣ್ಣು ಒಣಗಿದ ಮೇಲೆ ಮಾತ್ರ ಕೊಡಿ. ಪಾಪ ಅಂತ ದಿನಾ ಸುರಿದರೆ ಕೊಳೆಯುತ್ತದೆ. ಹೊಸ ಎಲೆ ಬಿಚ್ಚುವ ತನಕ ಗೊಬ್ಬರ ಬೇಡ.

ಬುಡ ಚಿಗುರಲು ಮೂರರಿಂದ ಆರು ವಾರ ಬೇಕು. ಅಲ್ಲಿಯವರೆಗೆ ಸತ್ತ ಕಡ್ಡಿಯಂತೆ ಕಾಣುತ್ತದೆ, ಕಿತ್ತು ಎಸೆಯಬೇಡಿ.

ಬೇರೆ ಗಿಡಗಳಿಗೆ?

ಅಗ್ಲೋನಿಮಾ, ಡ್ರಸೀನಾಗಳನ್ನೂ ಇದೇ ರೀತಿ ಕತ್ತರಿಸಬಹುದು. ಮನಿ ಪ್ಲಾಂಟ್ ಬಳ್ಳಿಯ ಪ್ರತಿ ತುಂಡಿನಲ್ಲೂ ಒಂದು ಗೆಣ್ಣು ಇರಬೇಕು; ಬರೀ ಎಲೆ ನೆಟ್ಟರೆ ಹೊಸ ಬಳ್ಳಿ ಬರುವುದಿಲ್ಲ. ರಬ್ಬರ್ ಗಿಡ ಕತ್ತರಿಸಿದರೆ ಬಿಳಿ ಹಾಲು ಸೋರುತ್ತದೆ, ಒದ್ದೆ ಬಟ್ಟೆಯಿಂದ ಒರೆಸಿ. ಆದರೆ ಅರೆಕಾ ಪಾಮ್ ಮಾತ್ರ ಮುಟ್ಟಬೇಡಿ. ಅದು ತೆಂಗಿನ ಕುಲ. ಯಾವ ಕಾಂಡದ ಸುಳಿ ಕಡಿಯುತ್ತೀರೋ ಆ ಕಾಂಡ ಸಾಯುತ್ತದೆ. ಅದರಲ್ಲಿ ಒಣಗಿದ ಗರಿ ತೆಗೆದರೆ ಸಾಕು. ಅಪ್ಪನ ಮಾತು ಇಲ್ಲಿ ಪೂರ್ತಿ ನಿಜ.

ಇನ್ನೊಂದು ಮಾತು. ವಯಸ್ಸಾದಂತೆ ಕೆಳಗಿನ ಎಲೆ ಉದುರುವುದು ಸಹಜ. ಆದರೆ ಬೆಳಕು ಸಾಲದಿದ್ದರೆ ಗಿಡ ಬೇಗ ಉದ್ದಕ್ಕೆ ಎಳೆಯುತ್ತದೆ. ನಾನು 75 ಪರ್ಸೆಂಟ್ ಶೇಡ್ ನೆಟ್ ಅಡಿಯಲ್ಲಿ ಕುಂಡಗಳನ್ನು ಒತ್ತೊತ್ತಾಗಿ ಇಟ್ಟಿದ್ದೆ. ಈಗ ಎಲೆಗೆ ಎಲೆ ತಾಗದಷ್ಟು ಜಾಗ ಬಿಟ್ಟಿದ್ದೇನೆ. ಜಾಗ ಸರಿ ಮಾಡದೆ ಬರೀ ಕತ್ತರಿಸಿದರೆ ಮುಂದಿನ ವರ್ಷ ಮತ್ತೆ ಅದೇ ಕೊಡೆ.

ನೀವು ಹೊಸದಾಗಿ ಶುರು ಮಾಡುವವರಾದರೆ ನನ್ನ ಹಾಗೆ ಒಂದೇ ದಿನ ಎಲ್ಲಾ ಗಿಡಕ್ಕೂ ಕೈ ಹಾಕಬೇಡಿ. ಐದು ಗಿಡ ಕತ್ತರಿಸಿ, ಕುಂಡಕ್ಕೆ ನಂಬರ್ ಬರೆದು, ವಾರಕ್ಕೊಮ್ಮೆ ಫೋಟೋ ತೆಗೆಯಿರಿ. ಅವು ಚಿಗುರಿದ ಮೇಲೆ ಮುಂದುವರಿಯಿರಿ. ಈ ಫೆಬ್ರವರಿಯಲ್ಲಿ ನಾನು 40 ಗಿಡ ಕತ್ತರಿಸಿದೆ, ಕೊಳೆತದ್ದು ಒಂದೇ ಒಂದು. ಪಕ್ಕದಲ್ಲಿ ಕೂತು ಚಾಕು ಒರೆಸಿ ಕೊಟ್ಟದ್ದು ಅಪ್ಪನೇ.