ಬೆಲೆ ಬಂದ ವರ್ಷದ ಹಣ: ಹಂಚಿ ಇಡುವ ಕ್ರಮ



ತೋಟದ ಬೆಳೆಗೆ ಬೆಲೆಯ ಏರಿಳಿತ ಹೊಸದಲ್ಲ. 1970ರ ದಶಕದ ಆರಂಭದಲ್ಲಿ ಅಡಿಕೆ ಧಾರಣೆ ಕುಸಿದದ್ದರಿಂದಲೇ 1973ರಲ್ಲಿ ಕ್ಯಾಂಪ್ಕೊ ಹುಟ್ಟಿತು. 1989ರ ಜುಲೈಯಲ್ಲಿ ಅಂತರರಾಷ್ಟ್ರೀಯ ರಫ್ತು ಕೋಟಾ ನಿಂತೊಡನೆ ಕಾಫಿ ಬೆಲೆ ಇಳಿಯಿತು. 1994ರಲ್ಲಿ ಬ್ರೆಜಿಲ್‌ನ ತೋಟಗಳು ಹಿಮಕ್ಕೆ ಸಿಕ್ಕಾಗ ಏರಿತು. 2001ರ ವೇಳೆಗೆ ಮತ್ತೆ ನೆಲಕಚ್ಚಿತು. ಆದುದರಿಂದ ಒಳ್ಳೆಯ ವರ್ಷದ ಹಣ ಕೆಟ್ಟ ವರ್ಷಕ್ಕೂ ಒದಗಬೇಕು.

ಕಾಫಿ, ಅಡಿಕೆ, ಕಾಳುಮೆಣಸು ಮೂರೂ ಇರುವುದರಿಂದ ಅಪಾಯ ಹಂಚಿಹೋಗಿದೆ ಎನ್ನುವವರುಂಟು. ಇದು ಅರ್ಧ ನಿಜ. ಮೂರರ ಪೇಟೆ ಬೇರೆ, ಮಳೆ ಮಾತ್ರ ಒಂದೇ. ಮುಂಗಾರು ಅತಿಯಾದರೆ ಅಡಿಕೆಗೆ ಕೊಳೆರೋಗ, ಮೆಣಸಿಗೆ ಸೊರಗು ರೋಗ, ಕಾಫಿಗೆ ಕಾಯಿ ಉದುರುವಿಕೆ ಒಟ್ಟಿಗೇ ಬರುತ್ತವೆ. ಉಳಿತಾಯದ ಒಂದು ಪಾಲು ತೋಟದ ಹೊರಗಿರುವುದು ಅವಶ್ಯ. ಅದಕ್ಕೆ ಈ ಕ್ರಮ ಅನುಸರಿಸಬಹುದು:

1. ಮೊದಲು ಹೆಚ್ಚು ಬಡ್ಡಿಯ ಕೈಸಾಲ ತೀರಿಸಿ. ಶೇಕಡಾ 18ರ ಸಾಲವಿಟ್ಟುಕೊಂಡು ಶೇಕಡಾ 7ರ ಠೇವಣಿ ಇಡುವುದು ನಷ್ಟವೇ.

2. ಮನೆಖರ್ಚು, ಕೂಲಿ, ಗೊಬ್ಬರ, ಬೋರ್ಡೋ ಸಿಂಪರಣೆ ಸೇರಿಸಿ ಒಂದು ವರ್ಷದ ಮೊತ್ತವನ್ನು ಬೇಕೆಂದಾಗ ಸಿಗುವಂತೆ ಇಡಿ.

3. ಉಳಿದುದನ್ನು ಹನ್ನೆರಡು ಪಾಲು ಮಾಡಿ. ನಮಗೆ ತಿಂಗಳ ಸಂಬಳವಿಲ್ಲ; ಮಾರಾಟದ ಹಣವನ್ನು ಉಳಿತಾಯ ಖಾತೆಯಲ್ಲಿಟ್ಟು, ಅಲ್ಲಿಂದ ತಿಂಗಳು ತಿಂಗಳು ಕಂತು ಹೋಗುವಂತೆ ಬ್ಯಾಂಕಿಗೆ ಬರೆದುಕೊಡಬಹುದು. ಅಂಚೆ ಕಚೇರಿಯ ಆರ್.ಡಿ.ಗೆ 5 ವರ್ಷ, ಪಿ.ಪಿ.ಎಫ್.ಗೆ 15 ವರ್ಷದ ಅವಧಿ. ಹತ್ತು ವರ್ಷ ಮುಟ್ಟದಿರಬಲ್ಲ ಹಣದ ಒಂದು ಪಾಲನ್ನು ಮಾತ್ರ ಷೇರು ಆಧಾರಿತ ಮ್ಯೂಚುವಲ್ ಫಂಡಿನಲ್ಲಿ ತೊಡಗಿಸಬಹುದು.

ಕಂತಿನ ಪ್ರಯೋಜನವನ್ನು ಲೆಕ್ಕದಿಂದ ನೋಡೋಣ. ಮೂರು ತಿಂಗಳು ತಲಾ 1,000 ರೂಪಾಯಿ ಹಾಕಿದಿರಿ. ಯೂನಿಟ್ಟಿನ ಬೆಲೆ ಕ್ರಮವಾಗಿ 50, 40, 25 ರೂಪಾಯಿ. ಸಿಗುವುದು 20, 25, 40, ಒಟ್ಟು 85 ಯೂನಿಟ್. ಮೂರು ಬೆಲೆಗಳ ಸರಾಸರಿ ರೂ. 38.33, ನಿಮಗೆ ಬಿದ್ದದ್ದು ರೂ. 35.29. ಬೆಲೆ ಇಳಿದಾಗ ಕಂತು ನಿಲ್ಲಿಸಿದವರಿಗೆ ಈ ಲಾಭವಿಲ್ಲ. ಆದರೆ ಬೆಲೆ 25ರಲ್ಲೇ ನಿಂತರೆ ಕಂತು ಕಟ್ಟಿದವರಿಗೂ ನಷ್ಟವೇ ಎಂಬುದನ್ನು ಮರೆಯಬಾರದು.

ಕಾರ್ಯದರ್ಶಿಯಾಗಿ ಇನ್ನೊಂದು ಮಾತು ಹೇಳಲೇಬೇಕು. 2020ರಿಂದ ಒಂದು ಬ್ಯಾಂಕಿನಲ್ಲಿ ಒಬ್ಬರ ಠೇವಣಿಗೆ 5 ಲಕ್ಷ ರೂಪಾಯಿವರೆಗೆ ವಿಮೆಯಿದೆ. ಸಹಕಾರಿ ಬ್ಯಾಂಕುಗಳಿಗೂ ಇದು ಅನ್ವಯ. ಪ್ರಾಥಮಿಕ ಸಹಕಾರ ಸಂಘಗಳ ಠೇವಣಿಗೆ ಈ ವಿಮೆ ಇಲ್ಲ. ಸಂಘ ನಮ್ಮದೇ ಆದರೂ ಇದ್ದುದೆಲ್ಲವನ್ನೂ ಇಲ್ಲೇ ಇಡಬೇಡಿ. ಸದಸ್ಯರ ಮನೆ ಭದ್ರವಾಗಿದ್ದರೆ ಸಂಘವೂ ಭದ್ರ.