ಪಾರ್ಕಿನ್ಸನ್ ಕಾಯಿಲೆಗೆ ಕೆಂಪು ಬೆಳಕು: ಹೆಲ್ಮೆಟ್ ಕೊಳ್ಳುವ ಮುನ್ನ

ಮನೆಯಲ್ಲಿ ಒಬ್ಬರಿಗೆ ಪಾರ್ಕಿನ್ಸನ್ ಕಾಯಿಲೆ ಇದೆ ಎಂದು ಗೊತ್ತಾದರೆ ಸಾಕು, ನೆಂಟರಲ್ಲಿ ಯಾರಾದರೊಬ್ಬರು ಆ ವಿಡಿಯೋ ಕಳಿಸಿಯೇ ಕಳಿಸುತ್ತಾರೆ. ತಲೆಗೆ ಹೆಲ್ಮೆಟ್ ಹಾಕಿಕೊಂಡು ಕುಳಿತ ಹಿರಿಯರು, ಅದರ ಅಂಚಿನಿಂದ ಸೋರುವ ಕೆಂಪು ಬೆಳಕು, ಪಕ್ಕದಲ್ಲಿ ಅವರದೇ ಕೈಬರಹದ ಎರಡು ಹಾಳೆ. ಮೊದಲ ಹಾಳೆಯಲ್ಲಿ ಅಕ್ಷರಗಳು ಸಾಲು ಮುಗಿಯುವುದರೊಳಗೆ ಕುಗ್ಗಿಹೋಗಿವೆ, ಎರಡನೆಯದರಲ್ಲಿ ದುಂಡಗಿವೆ. ಸಿಡ್ನಿಯಲ್ಲಿರುವ ಮಗ ‘ತರಿಸಿಬಿಡೋಣ’ ಅನ್ನುತ್ತಾನೆ. ಮೈಸೂರಿನಲ್ಲಿರುವ ಅಪ್ಪ ‘ಅದರಿಂದ ನಿಜವಾಗಿ ಏನಾದರೂ ಆಗುತ್ತಾ’ ಎಂದು ಕೇಳುತ್ತಾರೆ. ಅಪ್ಪನ ಪ್ರಶ್ನೆ ಒಳ್ಳೆಯದು. ಅದಕ್ಕೆ ಉತ್ತರ ಹುಡುಕಬೇಕಾದರೆ ಮೊದಲು ಕಾಯಿಲೆಯ ಒಳಗೆ ಸ್ವಲ್ಪ ಇಣುಕಬೇಕು.

ಲಂಡನ್ನಿನ ವೈದ್ಯ ಜೇಮ್ಸ್ ಪಾರ್ಕಿನ್ಸನ್ 1817ರಲ್ಲಿ ಈ ಕಾಯಿಲೆಯನ್ನು ವಿವರವಾಗಿ ಬರೆದಿಟ್ಟರು. ಕೈ ನಡುಕ ಎಲ್ಲರ ಕಣ್ಣಿಗೂ ಬೀಳುತ್ತದೆ. ಆದರೆ ರೋಗಿಯನ್ನು ಹೆಚ್ಚು ಕಾಡುವುದು ಬಹುಪಾಲು ಬೇರೆಯೇ: ಚಲನೆ ನಿಧಾನವಾಗುವುದು, ಸ್ನಾಯುಗಳ ಬಿಗಿತ, ಹೆಜ್ಜೆ ಕಿತ್ತಿಡಲು ಆಗದಿರುವುದು, ಮಲಬದ್ಧತೆ, ನಿದ್ದೆಗೇಡು. ನಡುಮಿದುಳಿನಲ್ಲಿ ಸಬ್‌ಸ್ಟಾನ್ಷಿಯಾ ನೈಗ್ರಾ ಎಂಬ ಕಪ್ಪಗಿನ ಪುಟ್ಟ ಜಾಗವಿದೆ. ಅಲ್ಲಿನ ನರಕೋಶಗಳು ಚಲನೆಗೆ ಬೇಕಾದ ಡೋಪಮೈನ್ ಎಂಬ ರಾಸಾಯನಿಕವನ್ನು ತಯಾರಿಸುತ್ತವೆ. ಆ ಕೋಶಗಳು ಒಂದೊಂದಾಗಿ ಸಾಯುತ್ತ ಹೋಗುವುದೇ ಈ ಕಾಯಿಲೆಯ ಮುಖ್ಯ ಹಾನಿ. ಲೆವೋಡೋಪಾ ಗುಳಿಗೆ ಡೋಪಮೈನ್ ಕೊರತೆಯನ್ನು ತುಂಬುತ್ತದೆ, ಕೋಶಗಳ ಸಾವನ್ನು ತಡೆಯುವುದಿಲ್ಲ. (ನಮ್ಮ ಬೇಲಿಗಳಲ್ಲಿ ಹಬ್ಬುವ ನಸುಗುನ್ನಿಯ ಬೀಜದಲ್ಲಿ ಇದೇ ಲೆವೋಡೋಪಾ ಇದೆ, ಹಾಗೆಂದು ಅಳತೆಯಿಲ್ಲದೆ ಪುಡಿ ಮಾಡಿ ತಿನ್ನುವ ವಸ್ತು ಅದಲ್ಲ.) ಕೋಶಗಳನ್ನು ಸಾಯದಂತೆ ಕಾಪಾಡುವ ಔಷಧ ಇಂದಿಗೂ ಇಲ್ಲ. ಬೆಳಕಿನ ಮೇಲೆ ಜನರಿಗೆ ಇಷ್ಟು ಆಸೆ ಹುಟ್ಟಿರುವುದು ಆ ಖಾಲಿ ಜಾಗದಲ್ಲಿ.

ಆಸೆಗೆ ಆಧಾರವೇ ಇಲ್ಲವೆಂದಲ್ಲ. 1982ರಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಕಳ್ಳತನದಲ್ಲಿ ತಯಾರಾದ ಮಾದಕದ್ರವ್ಯ ಚುಚ್ಚಿಕೊಂಡ ಕೆಲವು ಯುವಕರು ಇದ್ದಕ್ಕಿದ್ದಂತೆ ಕೈಕಾಲು ಸೆಟೆದು ಆಸ್ಪತ್ರೆ ಸೇರಿದರು. ನೋಡಿದರೆ ಪಾರ್ಕಿನ್ಸನ್ ರೋಗದ ಕೊನೆಯ ಹಂತದವರಂತೆ. ನರವೈದ್ಯ ವಿಲಿಯಂ ಲ್ಯಾಂಗ್‌ಸ್ಟನ್ ಬೆನ್ನುಹತ್ತಿ ಹೋದಾಗ ಎಂಪಿಟಿಪಿ ಎಂಬ ಕಲಬೆರಕೆ ರಾಸಾಯನಿಕ ಸಿಕ್ಕಿತು. ಅದು ಡೋಪಮೈನ್ ಕೋಶಗಳ ಒಳಹೊಕ್ಕು, ಶಕ್ತಿ ತಯಾರಿಸುವ ಮೈಟೋಕಾಂಡ್ರಿಯಾಗಳನ್ನೇ ಕೆಡಿಸುತ್ತಿತ್ತು. ಪಾರ್ಕಿನ್ಸನ್ ರೋಗಕ್ಕೂ ಕೋಶದ ಶಕ್ತಿಮೂಲಕ್ಕೂ ನಂಟಿದೆ ಎಂಬ ವಿಚಾರ ಅಲ್ಲಿಂದ ಬಲವಾಯಿತು. ಪ್ರಾಣಿಗಳಲ್ಲಿ ಕಾಯಿಲೆಯ ನಕಲು ಮಾಡಲು ವಿಜ್ಞಾನಿಗಳ ಕೈಗೆ ಒಂದು ವಿಷವೂ ಸಿಕ್ಕಿತು.

ಬೆಳಕಿನ ಕಥೆ ಇನ್ನೊಂದು ದಿಕ್ಕಿನಿಂದ ಬರುತ್ತದೆ. ಬುಡಾಪೆಸ್ಟಿನ ಎಂಡ್ರೆ ಮೆಸ್ಟರ್ 1960ರ ದಶಕದಲ್ಲಿ ಕೆಂಪು ಲೇಸರ್ ಬಳಸಿ ಇಲಿಗಳ ಮೇಲೆ ಕ್ಯಾನ್ಸರ್ ಸಂಶೋಧನೆ ನಡೆಸಿದ್ದರು. ಲೇಸರ್ ದುರ್ಬಲವಾಗಿತ್ತು, ಆದರೆ ಬೆಳಕು ಬಿದ್ದ ಕಡೆ ಬೋಳಿಸಿದ ಕೂದಲು ಬೇಗ ಬೆಳೆಯಿತು. ಕೆಂಪು ಮತ್ತು ಅದರಾಚೆಯ, ಕಣ್ಣಿಗೆ ಕಾಣದ ಅತಿಗೆಂಪು ಬೆಳಕನ್ನು ಮೈಟೋಕಾಂಡ್ರಿಯಾದ ಸೈಟೋಕ್ರೋಮ್ ಸಿ ಆಕ್ಸಿಡೇಸ್ ಎಂಬ ಕಿಣ್ವ ಹೀರಿಕೊಳ್ಳುತ್ತದೆ, ಅದರಿಂದ ಬಳಲಿದ ಕೋಶಕ್ಕೆ ಚೇತರಿಕೆ ಸಿಗುತ್ತದೆ ಎಂಬುದು ಇಂದು ಹೆಚ್ಚು ಜನ ಒಪ್ಪುವ ವಿವರಣೆ. ವೈದ್ಯರ ಬಾಯಲ್ಲಿ ಇದಕ್ಕೆ ಫೋಟೋಬಯೋಮಾಡ್ಯುಲೇಷನ್ ಎಂದು ಹೆಸರು. ಕ್ಯಾನ್ಸರ್ ಚಿಕಿತ್ಸೆಯಲ್ಲಿ ಬರುವ ಬಾಯಿಹುಣ್ಣನ್ನು ತಡೆಯಲು ಇದನ್ನು ಅಂತರರಾಷ್ಟ್ರೀಯ ಮಾರ್ಗಸೂಚಿಗಳೇ ಶಿಫಾರಸು ಮಾಡುತ್ತವೆ. ಆದ್ದರಿಂದ ಇದನ್ನು ಬರೀ ಬೂಟಾಟಿಕೆ ಎಂದು ತಳ್ಳಿಹಾಕುವವರ ಮಾತೂ ಸರಿಯಲ್ಲ.

ಸಿಡ್ನಿ ವಿಶ್ವವಿದ್ಯಾಲಯದಲ್ಲಿ ಜಾನ್ ಮಿಟ್ರೋಫಾನಿಸ್ ಮತ್ತು ಸಂಗಡಿಗರು ಈ ಎರಡು ಎಳೆಗಳನ್ನು ಒಂದುಗೂಡಿಸಿದರು. ಇಲಿಗಳಿಗೆ ಎಂಪಿಟಿಪಿ ಕೊಟ್ಟು, 670 ನ್ಯಾನೋಮೀಟರಿನ ಕೆಂಪು ಬೆಳಕನ್ನೂ ಹಾಯಿಸಿದರು. ಬೆಳಕು ಸಿಕ್ಕ ಇಲಿಗಳಲ್ಲಿ ಹೆಚ್ಚು ಡೋಪಮೈನ್ ಕೋಶಗಳು ಬದುಕುಳಿದವು. ಇಲ್ಲಿಯವರೆಗೆ ಕಥೆ ಗಟ್ಟಿಯಾಗಿದೆ. ಇಲಿಯಿಂದ ಮನುಷ್ಯನಿಗೆ ಬರುವಾಗ ತೊಡಕು ಶುರುವಾಗುತ್ತದೆ.

ಆ ತೊಡಕನ್ನು ನೀವೇ ಕಣ್ಣಾರೆ ನೋಡಬಹುದು. ಕತ್ತಲೆ ಕೋಣೆಯಲ್ಲಿ ಮೊಬೈಲ್ ಟಾರ್ಚ್ ಹೊತ್ತಿಸಿ ಬೆರಳ ತುದಿಯನ್ನು ಅದರ ಮೇಲೆ ಒತ್ತಿಹಿಡಿಯಿರಿ. ಬಿಳಿ ಬೆಳಕು ಹೊಕ್ಕರೂ ಹೊರಗೆ ಬರುವುದು ಕೆಂಪು ಮಾತ್ರ, ಏಕೆಂದರೆ ನೀಲಿ, ಹಸಿರನ್ನು ರಕ್ತವೇ ನುಂಗಿಬಿಡುತ್ತದೆ. ಕೆಂಪು ಬೆಳಕಿಗೆ ಮೈಯೊಳಗೆ ಹೊಕ್ಕುವ ಗುಣ ಇರುವುದು ನಿಜ. ಈಗ ಟಾರ್ಚನ್ನು ಮಣಿಕಟ್ಟಿಗೆ ಒತ್ತಿ ಆಚೆ ಬದಿ ನೋಡಿ. ಕತ್ತಲೆ. ಬೆರಳ ದಪ್ಪ ದಾಟಿದ ಬೆಳಕು ಮಣಿಕಟ್ಟು ದಾಟಲಿಲ್ಲ. ಅತಿಗೆಂಪು ಬೆಳಕು ಇನ್ನಷ್ಟು ಆಳಕ್ಕೆ ಹೋದರೂ ಮಿದುಳಿನ ಅಂಗಾಂಶದಲ್ಲಿ ಎರಡು ಮೂರು ಸೆಂಟಿಮೀಟರಿನಾಚೆಗೆ ಉಳಿಯುವುದು ನಗಣ್ಯ. ಇಲಿಯ ಮಿದುಳಿಗೆ ಅಷ್ಟು ಧಾರಾಳವಾಗಿ ಸಾಕು. ಮನುಷ್ಯನ ಸಬ್‌ಸ್ಟಾನ್ಷಿಯಾ ನೈಗ್ರಾ ಇರುವುದು ತಲೆಬುರುಡೆಯಿಂದ ಸುಮಾರು ಎಂಟು ಸೆಂಟಿಮೀಟರ್ ಒಳಗೆ, ನಡುವೆ ಕೂದಲು, ಚರ್ಮ, ಎಲುಬು ಬೇರೆ. ಹೆಲ್ಮೆಟ್ಟಿನ ಬೆಳಕು ಮಿದುಳಿನ ಹೊರಪದರವನ್ನು ಮುಟ್ಟೀತು, ರೋಗದ ತವರನ್ನು ಮುಟ್ಟಲಾರದು.

ಇದು ವಿಜ್ಞಾನಿಗಳಿಗೆ ಗೊತ್ತಿಲ್ಲದ ಸಂಗತಿಯಲ್ಲ. ಅದಕ್ಕೇ ಫ್ರಾನ್ಸಿನ ಗ್ರೆನೋಬಲ್‌ನಲ್ಲಿ, ಡೀಪ್ ಬ್ರೇನ್ ಸ್ಟಿಮ್ಯುಲೇಷನ್ ಎಂಬ ಮಿದುಳ ಶಸ್ತ್ರಚಿಕಿತ್ಸೆಯನ್ನು ಬೆಳೆಸಿದ ಅಲಿಂ ಲೂಯಿ ಬೆನಾಬಿದ್ ಅವರ ತಂಡ, ಬೆಳಕು ಒಯ್ಯುವ ಸಣ್ಣ ನಾರನ್ನು ಮಿದುಳಿನ ಆಳಕ್ಕೇ ಇಳಿಸಿ ಕೋತಿಗಳಲ್ಲಿ ಪ್ರಯೋಗ ಮಾಡಿತು. ಆಮೇಲೆ ಹೊಸದಾಗಿ ರೋಗ ಪತ್ತೆಯಾದವರಲ್ಲಿ ಅದನ್ನು ಪರೀಕ್ಷಿಸುವ ಅಧ್ಯಯನಕ್ಕೂ ಕೈಹಾಕಿತು. ಇನ್ನೊಂದು ವಾದವೂ ಉಂಟು. ಇಲಿಯ ತಲೆ ಮುಚ್ಚಿ ಮೈಗೆ ಮಾತ್ರ ಬೆಳಕು ಬಿಟ್ಟಾಗಲೂ ಮಿದುಳಿಗೆ ಸ್ವಲ್ಪ ರಕ್ಷಣೆ ಸಿಕ್ಕಿದ್ದನ್ನು ಮಿಟ್ರೋಫಾನಿಸ್ ಗುಂಪು ಕಂಡಿದೆ. ಹೊಟ್ಟೆ, ಕುತ್ತಿಗೆಯ ಮೇಲೆ ಬೆಳಕು ಹಾಯಿಸುವ ಸಾಧನಗಳನ್ನು ಮಾರುವವರು ಹಿಡಿದುಕೊಂಡಿರುವುದು ಈ ಎಳೆಯನ್ನೇ. ಕುತೂಹಲದ ವಿಷಯ ಹೌದು, ಮನುಷ್ಯರಲ್ಲಿ ಸಾಬೀತಾದದ್ದಲ್ಲ.

ಹಾಗಾದರೆ ಮನುಷ್ಯರ ಮೇಲಿನ ಅಧ್ಯಯನಗಳು ಏನು ಹೇಳುತ್ತವೆ? ಮೊದಲ ದಾಖಲೆಗಳಲ್ಲೊಂದು ಆಸ್ಟ್ರೇಲಿಯಾದ ಟಾಸ್ಮೇನಿಯಾದಿಂದ ಬಂತು. ಬಕೆಟ್ಟಿನಾಕಾರದ ಟೋಪಿಯ ಒಳಗೆ ಎಲ್‌ಇಡಿ ಪಟ್ಟಿ ಸುತ್ತಿ ಮನೆಯಲ್ಲೇ ಮಾಡಿದ ಹೆಲ್ಮೆಟ್‌ಗಳು. ಪ್ರಕಟಣೆಯಲ್ಲೂ ಅವುಗಳ ಹೆಸರು ಬಕೆಟ್ ಎಂದೇ. 2019ರಲ್ಲಿ ಅದನ್ನು ಬಳಸಿದ ಆರು ಮಂದಿಯ ಅನುಭವ ವೈದ್ಯಕೀಯ ಪತ್ರಿಕೆಯಲ್ಲಿ ಬಂತು, ಹಲವು ಲಕ್ಷಣಗಳು ಸುಧಾರಿಸಿದವು ಎಂದು. ಹೋಲಿಸಿ ನೋಡಲು ಬೆಳಕಿಲ್ಲದ ಬಕೆಟ್ ಹಾಕಿಕೊಂಡವರು ಇರಲಿಲ್ಲ. 2021ರಲ್ಲಿ ಪ್ರಕಟವಾದ ಅಡಿಲೇಡ್ ಅಧ್ಯಯನದಲ್ಲಿ ಹನ್ನೆರಡು ಜನ. ಅಲ್ಲೂ ನಡಿಗೆ, ಸಮತೋಲನ, ಅರಿವಿನಲ್ಲಿ ಸುಧಾರಣೆ ಕಂಡಿತು, ಅಲ್ಲೂ ಹುಸಿ ಚಿಕಿತ್ಸೆಯ ಗುಂಪು ಇರಲಿಲ್ಲ.

ಮನೆಬಳಕೆಯ ಹೆಲ್ಮೆಟ್ಟಿನ ಮಟ್ಟಿಗೆ ನಾವು ಗಮನ ಕೊಡಬೇಕಾದದ್ದು 2023ರಲ್ಲಿ ಪ್ರಕಟವಾದ ಆಸ್ಟ್ರೇಲಿಯಾದ ಇನ್ನೊಂದು ಅಧ್ಯಯನಕ್ಕೆ. ನಲವತ್ತು ರೋಗಿಗಳು, ಇಪ್ಪತ್ತು ಮಂದಿಗೆ ನಿಜವಾದ ಬೆಳಕು, ಇಪ್ಪತ್ತು ಮಂದಿಗೆ ಹುಸಿ ಹೆಲ್ಮೆಟ್, ಯಾರಿಗೆ ಯಾವುದು ಎಂಬುದನ್ನು ಚೀಟಿ ಎತ್ತಿದಂತೆ ನಿರ್ಧರಿಸಿದ್ದು. 635 ಮತ್ತು 810 ನ್ಯಾನೋಮೀಟರಿನ ಬೆಳಕು, ದಿನಕ್ಕೆ 24 ನಿಮಿಷ, ವಾರಕ್ಕೆ ಆರು ದಿನ, 12 ವಾರ, ಎಲ್ಲವೂ ಮನೆಯಲ್ಲೇ. ಜನ ತಪ್ಪದೆ ಬಳಸಿದರು, ಗಂಭೀರ ತೊಂದರೆ ಆಗಲಿಲ್ಲ. ಚಲನೆಯ ಅಂಕಗಳು ಮಾತ್ರ ಎರಡೂ ಗುಂಪಿನಲ್ಲಿ ಸುಧಾರಿಸಿದವು! ಅಂತರ ಬೆಳಕಿನಿಂದಲೇ ಬಂತು ಎಂದು ಒತ್ತಿ ಹೇಳುವಷ್ಟು ಸ್ಪಷ್ಟವಾಗಲಿಲ್ಲ. ಅದೇ ಅಂಕಗಳನ್ನು ಆಮೇಲೆ ಬಿಡಿಬಿಡಿಯಾಗಿ ನೋಡಿದಾಗ, ಮುಖ ಮತ್ತು ಕೈಗಳ ಚಲನೆಯಲ್ಲಿ ನಿಜ ಬೆಳಕಿನವರಿಗೆ ಒಂದಿಷ್ಟು ಲಾಭ ಕಂಡಿತು. ಹೀಗೆ ಫಲಿತಾಂಶ ಬಂದ ಮೇಲೆ ಬಿಡಿಸಿ ಹುಡುಕಿದ ಲಾಭವನ್ನು ಮುಂದಿನ ಅಧ್ಯಯನಕ್ಕೆ ಸುಳಿವು ಎಂದು ಇಟ್ಟುಕೊಳ್ಳಬೇಕೇ ಹೊರತು ಪುರಾವೆ ಎಂದಲ್ಲ.

ಹುಸಿ ಹೆಲ್ಮೆಟ್ಟಿನವರೂ ಏಕೆ ಸುಧಾರಿಸಿದರು? ಈ ಪ್ರಶ್ನೆಯ ಬಳಿ ಸ್ವಲ್ಪ ನಿಲ್ಲೋಣ, ಜಾಹೀರಾತುಗಳು ಇದರ ಬಳಿ ಸುಳಿಯುವುದಿಲ್ಲ. ಪಾರ್ಕಿನ್ಸನ್ ರೋಗಿಗಳಲ್ಲಿ ನಂಬಿಕೆಯ ಪರಿಣಾಮ ಬೇರೆ ಅನೇಕ ಕಾಯಿಲೆಗಳಿಗಿಂತ ಜೋರು. ಮನಸ್ಸಿನ ಭ್ರಮೆ ಎಂದು ಇದನ್ನು ಹಗುರ ಮಾಡಬೇಡಿ. ಕೆನಡಾದ ವ್ಯಾಂಕೂವರ್‌ನಲ್ಲಿ 2001ರಲ್ಲಿ, ಔಷಧ ಸಿಗುತ್ತಿದೆ ಎಂದುಕೊಂಡ ರೋಗಿಗಳ ಮಿದುಳಿನಲ್ಲಿ ನಿಜವಾಗಿಯೇ ಡೋಪಮೈನ್ ಬಿಡುಗಡೆಯಾದದ್ದು ಸ್ಕ್ಯಾನಿನಲ್ಲಿ ಕಂಡಿತು. ಅಮೆರಿಕದ ಸಿನ್ಸಿನ್ಯಾಟಿಯಲ್ಲಿ 2015ರಲ್ಲಿ ಪ್ರಕಟವಾದ ಪ್ರಯೋಗ ಇನ್ನೂ ಮಜವಾಗಿದೆ. ಹನ್ನೆರಡು ರೋಗಿಗಳಿಗೆ ಎರಡು ಚುಚ್ಚುಮದ್ದು, ಒಂದರ ಬೆಲೆ 100 ಡಾಲರ್, ಇನ್ನೊಂದರದು 1,500 ಡಾಲರ್ ಎಂದು ಹೇಳಿದರು. ಎರಡರಲ್ಲೂ ಇದ್ದದ್ದು ಉಪ್ಪುನೀರು. ದುಬಾರಿ ಉಪ್ಪುನೀರು ಹೆಚ್ಚು ಕೆಲಸ ಮಾಡಿತು! ಲಕ್ಷ ರೂಪಾಯಿ ದಾಟುವ, ಕೆಂಪಗೆ ಹೊಳೆಯುವ, ವಿದೇಶದಿಂದ ಬಂದ ಹೆಲ್ಮೆಟ್ ತಲೆಯೇರಿದಾಗ ಇದೇ ಬಲ ಕೆಲಸ ಮಾಡುವುದಿಲ್ಲವೆಂದು ಹೇಳುವುದು ಹೇಗೆ? ವಿಡಿಯೋದಲ್ಲಿ ಬರಹ ದುಂಡಗಾದದ್ದು ಸುಳ್ಳಲ್ಲದಿರಬಹುದು. ಗುಳಿಗೆ ನುಂಗಿ ಒಂದು ಗಂಟೆಯ ಬಳಿಕ ಬರೆದದ್ದೂ ಇರಬಹುದು, ಈ ಕಾಯಿಲೆಯಲ್ಲಿ ಬೆಳಗಿನ ಕೈಯೇ ಬೇರೆ, ಮಧ್ಯಾಹ್ನದ ಕೈಯೇ ಬೇರೆ.

ಇಷ್ಟನ್ನೂ ತೂಗಿ ನೋಡಿದರೆ ನನ್ನ ತೀರ್ಮಾನ ಹೀಗೆ: ಪ್ರಯೋಗಾಲಯದ ವಿಜ್ಞಾನ ನಿಜ, ಮನುಷ್ಯರಲ್ಲಿ ಲಾಭ ಇನ್ನೂ ಸಾಬೀತಾಗಿಲ್ಲ, ಕಾಯಿಲೆಯ ಓಟವನ್ನು ಬೆಳಕು ನಿಧಾನಿಸುತ್ತದೆ ಎನ್ನಲು ಪುರಾವೆ ಇಲ್ಲ. ಅಮೆರಿಕದ ಎಫ್‌ಡಿಎ ಪಾರ್ಕಿನ್ಸನ್ ಕಾಯಿಲೆಗೆಂದು ಇಂಥ ಯಾವ ಸಾಧನಕ್ಕೂ ಒಪ್ಪಿಗೆ ಕೊಟ್ಟಿಲ್ಲ. ಪೆಟ್ಟಿಗೆಯ ಮೇಲೆ ‘ಎಫ್‌ಡಿಎ ನೋಂದಾಯಿತ’ ಎಂದಿದ್ದರೆ ಮೋಸ ಹೋಗಬೇಡಿ, ನೋಂದಣಿ ಬೇರೆ, ಒಪ್ಪಿಗೆ ಬೇರೆ. ಕೂದಲು ಬೆಳೆಸಲು ಅಥವಾ ನೋವು ಕಡಿಮೆ ಮಾಡಲು ಸಿಕ್ಕ ಒಪ್ಪಿಗೆಯನ್ನು ಮಿದುಳಿಗೆ ಎಳೆದು ತರುವವರೂ ಇದ್ದಾರೆ.

ಹೋಲಿಕೆಗೆ ಮನೆಯಲ್ಲೇ ಮಾಡುವ ಇನ್ನೊಂದು ಚಿಕಿತ್ಸೆಯನ್ನು ನೋಡಿ. ನೆದರ್‌ಲ್ಯಾಂಡ್ಸ್‌ನಲ್ಲಿ 130 ರೋಗಿಗಳನ್ನು ಎರಡು ಗುಂಪು ಮಾಡಿ, ಒಂದು ಗುಂಪಿಗೆ ಮನೆಯಲ್ಲೇ ನಿಂತಲ್ಲೇ ತುಳಿಯುವ ಸೈಕಲ್, ಇನ್ನೊಂದಕ್ಕೆ ಮೈ ಹಿಗ್ಗಿಸುವ ಹಗುರ ವ್ಯಾಯಾಮ ಕೊಟ್ಟರು. ವಾರಕ್ಕೆ ಮೂರು ಸಲ, ಮುಕ್ಕಾಲು ಗಂಟೆಯವರೆಗೆ, ಆರು ತಿಂಗಳು. 2019ರಲ್ಲಿ ಪ್ರಕಟವಾದ ಫಲಿತಾಂಶದ ಪ್ರಕಾರ ಸೈಕಲ್ ತುಳಿದವರು ಚಲನೆಯ ಅಳತೆಯಲ್ಲಿ 4.2 ಅಂಕ ಮುಂದಿದ್ದರು, ಅದೂ ಔಷಧದ ಪ್ರಭಾವ ಇಳಿದ ಹೊತ್ತಿನಲ್ಲಿ ಅಳೆದದ್ದು. ಹೆಲ್ಮೆಟ್ಟಿನ ದುಡ್ಡಿಗೆ ಒಂದು ಸೈಕಲ್ಲೂ ಬರುತ್ತದೆ, ತಿಂಗಳುಗಟ್ಟಲೆ ಫಿಸಿಯೋಥೆರಪಿಯೂ ಆಗುತ್ತದೆ. ಕೈಯಲ್ಲಿ ದುಡ್ಡು ಕಡಿಮೆ ಇರುವವರು ಎರಡರಲ್ಲಿ ಒಂದನ್ನು ಆರಿಸಬೇಕಾದರೆ ನನಗೆ ಅನುಮಾನವೇ ಇಲ್ಲ.

ಆದರೂ ಬಳಸಿ ನೋಡುತ್ತೇವೆ ಎನ್ನುವವರನ್ನು ನಾನು ಬೈಯುವುದಿಲ್ಲ. ದುಡ್ಡಿಗೆ ತೊಂದರೆಯಿಲ್ಲದಿದ್ದರೆ ಪ್ರಯೋಗದಂತೆ ಮಾಡಿ. ಮೊದಲು ನಿಮ್ಮ ನರವೈದ್ಯರಿಗೆ ತಿಳಿಸಿ. ಕುರ್ಚಿಯಿಂದೆದ್ದು ಮೂರು ಮೀಟರ್ ನಡೆದು, ತಿರುಗಿ ಬಂದು ಕೂರಲು ಎಷ್ಟು ಸೆಕೆಂಡ್ ಹಿಡಿಯುತ್ತದೆ ಎಂಬುದನ್ನು ಗುಳಿಗೆಯ ವೇಳೆಗೆ ಹೊಂದಿಸಿ, ಪ್ರತಿ ಸಲ ಅದೇ ಹೊತ್ತಿಗೆ ಬರೆದಿಡಿ. ಕೆಲವು ವಾರ ಬೆಳಕು, ಕೆಲವು ವಾರ ಬಿಡುವು. ಅಳೆಯುವವರಿಗೆ ಇದು ಯಾವ ವಾರ ಎಂದು ಹೇಳಬೇಡಿ. ಒಳ್ಳೆಯದೆಂದು ಹೆಚ್ಚು ಹೊತ್ತು ಕೂರಬೇಡಿ, ಅತಿಯಾದರೆ ಇದ್ದ ಪರಿಣಾಮವೂ ಇಳಿಯುವುದು ಪ್ರಯೋಗಗಳಲ್ಲಿ ಕಂಡಿದೆ. ಅತಿಗೆಂಪು ಬೆಳಕು ಕಾಣದಿದ್ದರೂ ಕಣ್ಣಿಗೆ ಅಪಾಯ, ದೀಪಗಳನ್ನು ದಿಟ್ಟಿಸಬೇಡಿ. ಬೆಳಕಿಗೆ ಚರ್ಮವನ್ನು ಸೂಕ್ಷ್ಮಗೊಳಿಸುವ ಔಷಧ ತೆಗೆದುಕೊಳ್ಳುತ್ತಿದ್ದರೆ ವೈದ್ಯರನ್ನು ಕೇಳದೆ ಶುರುಮಾಡಬೇಡಿ.

ಎಲ್ಲಕ್ಕಿಂತ ಮುಖ್ಯವಾಗಿ, ಬೆಳಕಿನಿಂದ ಹಾಯೆನಿಸಿತೆಂದು ಲೆವೋಡೋಪಾ ಗುಳಿಗೆಯನ್ನು ನೀವಾಗಿ ನಿಲ್ಲಿಸಬೇಡಿ. ಅದನ್ನು ಹಠಾತ್ತನೆ ಬಿಟ್ಟರೆ ವಿಪರೀತ ಜ್ವರ, ಮೈ ಸೆಟೆತ, ಮಂಕು ಬಂದು ಪ್ರಾಣಕ್ಕೇ ಕುತ್ತಾಗಬಹುದು.