ಪ್ರಮಾಣಪತ್ರಕ್ಕೆ ಹಣ ಕಟ್ಟುವ ಮುನ್ನ

ಕೇರಳದ ಆಲುವದಲ್ಲಿ ನೆಲೆಸಿ ಸಾಫ್ಟ್‌ವೇರ್ ಉದ್ಯೋಗ ಅರಸುವವರಿಗೆ ಇನ್ಫೋಪಾರ್ಕ್ ಐಟಿ ಪಾರ್ಕ್‌ನ ಕಾಕ್ಕನಾಡು ಮತ್ತು ಕೊರಟ್ಟಿ ಆವರಣಗಳೆರಡೂ ದಿನವೂ ಹೋಗಿಬರುವಷ್ಟು ಹತ್ತಿರದಲ್ಲಿವೆ. 1990ರಲ್ಲಿ ಆರಂಭವಾದ ತಿರುವನಂತಪುರದ ಟೆಕ್ನೋಪಾರ್ಕ್ ಸೇರಬೇಕಾದರೆ ಮಾತ್ರ ಬಿಡಾರವನ್ನೇ ಬದಲಿಸಬೇಕಾಗುತ್ತದೆ. ಕಾಸರಗೋಡಿನಿಂದ ಇಲ್ಲಿಗೆ ಬರುವ ಕನ್ನಡಿಗ ಪದವೀಧರರೂ ಸೇರಿದಂತೆ ಯಾರೇ ಆಗಲಿ, ವೃತ್ತಿಪರ ಪ್ರಮಾಣಪತ್ರಕ್ಕೆ, ಅಂದರೆ ತಂತ್ರಜ್ಞಾನ ಕಂಪನಿ ಅಥವಾ ಸಂಸ್ಥೆಯೊಂದು ಪರೀಕ್ಷೆ ನಡೆಸಿ ನೀಡುವ ಅರ್ಹತಾಪತ್ರಕ್ಕೆ, ಶುಲ್ಕ ತೆರುವ ಮುನ್ನ ಅದು ನಿಜವಾಗಿ ಯಾರಿಗೆ ಬೇಕಾಗಿದೆ ಎಂಬುದನ್ನು ಅರಿಯುವುದು ಮೊದಲ ಹೆಜ್ಜೆ.

ಬೇರೆ ಕಂಪನಿಗಳ ಕೆಲಸವನ್ನು ಗುತ್ತಿಗೆಗೆ ಪಡೆದು ಮಾಡಿಕೊಡುವ ಸೇವಾ ಕಂಪನಿಗಳಿಗೆ ಅದು ಹೆಚ್ಚು ಬೇಕು. ಅಮೆಜಾನ್‌ನ ಕ್ಲೌಡ್ ಸೇವಾ ವಿಭಾಗವಾದ ಎಡಬ್ಲ್ಯುಎಸ್ ಅಥವಾ ಮೈಕ್ರೋಸಾಫ್ಟ್‌ನ ಪಾಲುದಾರ ಕಂಪನಿಯಾಗಿ ಮೇಲಿನ ಶ್ರೇಣಿಗೇರಲು ಇಂತಿಷ್ಟು ಮಂದಿ ಪ್ರಮಾಣಿತ ಸಿಬ್ಬಂದಿ ಇರಬೇಕೆಂಬುದು ಷರತ್ತುಗಳಲ್ಲೊಂದಾದ್ದರಿಂದ, ಅಭ್ಯರ್ಥಿಯ ಪ್ರಮಾಣಪತ್ರ ಕಂಪನಿಯ ಲೆಕ್ಕಕ್ಕೂ ಸೇರುತ್ತದೆ. ಅಂಥ ಕಡೆ ಈಗಾಗಲೇ ಕೆಲಸದಲ್ಲಿರುವವರು ಕೈಯಿಂದ ಖರ್ಚು ಮಾಡುವ ಮೊದಲು ಶುಲ್ಕವನ್ನು ಕಂಪನಿಯೇ ಭರಿಸುವುದೇ ಎಂದು ಕೇಳುವುದು ಉಚಿತ. ತನ್ನದೇ ಉತ್ಪನ್ನ ಕಟ್ಟುವ ಸಣ್ಣ ಸ್ಟಾರ್ಟ್‌ಅಪ್‌ಗೆ ಇಂಥ ಗರಜು ಕಡಿಮೆ. ಅಲ್ಲಿ ಅಭ್ಯರ್ಥಿ ಬರೆದ ಕೋಡ್ ಹೆಚ್ಚು ಮಾತನಾಡುತ್ತದೆ.

ಎರಡನೆಯ ಹೆಜ್ಜೆಯಾಗಿ ಇನ್ಫೋಪಾರ್ಕ್ ಮತ್ತು ಟೆಕ್ನೋಪಾರ್ಕ್‌ಗಳ ಜಾಲತಾಣಗಳಲ್ಲಿ ಪ್ರಕಟವಾಗುವ ಉದ್ಯೋಗ ಪ್ರಕಟಣೆಗಳನ್ನು ಕೆಲವು ವಾರ ಓದಿ, ತನಗೊಪ್ಪುವ ಹುದ್ದೆಗಳಲ್ಲಿ ಪದೇಪದೇ ಕಾಣುವ ಹೆಸರನ್ನಷ್ಟೇ ಆರಿಸಬೇಕು. ಒಂದೂ ಪ್ರಕಟಣೆಯಲ್ಲಿ ಕಾಣದ ಪ್ರಮಾಣಪತ್ರವನ್ನು ತರಬೇತಿ ಕೇಂದ್ರದವರು ಎಷ್ಟೇ ಹೊಗಳಿದರೂ ಬದಿಗಿಡುವುದೇ ಲೇಸು.

ಆಯ್ಕೆ ಮಾಡುವಾಗ ಪರೀಕ್ಷೆಯ ಸ್ವರೂಪವನ್ನೂ ನೋಡಬೇಕು. ಎಡಬ್ಲ್ಯುಎಸ್‌ನ ಅಸೋಸಿಯೇಟ್ ಹಂತದ ಸೊಲ್ಯೂಷನ್ಸ್ ಆರ್ಕಿಟೆಕ್ಟ್ ಪರೀಕ್ಷೆ 130 ನಿಮಿಷಗಳಲ್ಲಿ 65 ಬಹು ಆಯ್ಕೆಯ ಪ್ರಶ್ನೆಗಳನ್ನು ಕೇಳುತ್ತದೆ, ಶುಲ್ಕ ತೆರಿಗೆ ಬಿಟ್ಟು 150 ಡಾಲರ್, ಉತ್ತೀರ್ಣತೆಗೆ 1000ಕ್ಕೆ 720 ಅಂಕ ಬೇಕು. ಕುಬರ್ನೆಟೀಸ್, ಅಂದರೆ ಅನೇಕ ಸರ್ವರ್‌ಗಳಲ್ಲಿ ಹರಡಿಕೊಂಡ ತಂತ್ರಾಂಶವನ್ನು ಒಂದೆಡೆಯಿಂದ ನಡೆಸುವ ವ್ಯವಸ್ಥೆ. ಅದರ ನಿರ್ವಾಹಕರಿಗಾಗಿ ಇರುವ ಸಿಕೆಎ ಪರೀಕ್ಷೆಯಲ್ಲಿ ಆಯ್ಕೆಗಳೇ ಇರುವುದಿಲ್ಲ, ಎರಡು ಗಂಟೆಯೊಳಗೆ ಕಮಾಂಡ್ ಟೈಪಿಸಿ ಕೆಲಸವನ್ನೇ ಮಾಡಿ ತೋರಿಸಬೇಕು. ರೆಡ್ ಹ್ಯಾಟ್ ಕಂಪನಿಯ ಲಿನಕ್ಸ್ ಪರೀಕ್ಷೆಯಾದ ಆರ್‌ಎಚ್‌ಸಿಎಸ್‌ಎ ಕೂಡ ಇದೇ ಬಗೆಯದು. ಬಾಯಿಪಾಠಕ್ಕೆ ಎಡೆಯಿಲ್ಲದ ಇಂಥ ಪತ್ರಗಳಿಗೆ ಸಂದರ್ಶಕರ ಮುಂದೆ ತೂಕ ಹೆಚ್ಚಿರುವುದು ಸಹಜ. ಮಾರುಕಟ್ಟೆಯಲ್ಲಿ ಸಿಗುವ ‘ಡಂಪ್’ಗಳನ್ನು, ಅಂದರೆ ಸೋರಿಕೆಯಾದ ಪ್ರಶ್ನೆಗಳ ಕಟ್ಟನ್ನು, ನೆಚ್ಚಿದವರು ಸಿಕ್ಕಿಬಿದ್ದರೆ ಪ್ರಮಾಣಪತ್ರವೇ ರದ್ದಾಗಬಹುದು.

ನೋಂದಣಿಯ ವೇಳೆ ಹೆಸರಿನ ಬಗ್ಗೆ ಎಚ್ಚರ ಅಗತ್ಯ. ಕೇರಳದಲ್ಲೂ ಕರಾವಳಿಯಲ್ಲೂ ಇನಿಶಿಯಲ್‌ಗಳು ಒಂದು ದಾಖಲೆಯಲ್ಲಿ ಹೆಸರಿನ ಹಿಂದೆ, ಇನ್ನೊಂದರಲ್ಲಿ ಮುಂದೆ ಇರುವುದುಂಟು. ನೋಂದಾಯಿಸಿದ ಹೆಸರು ಗುರುತಿನ ಚೀಟಿಯೊಂದಿಗೆ ಹೊಂದದಿದ್ದರೆ ಪರೀಕ್ಷೆಗೆ ಕೂರಿಸದಿರುವ ಅಧಿಕಾರ ಮೇಲ್ವಿಚಾರಕರಿಗಿದೆ. ಮನೆಯಿಂದಲೇ ಬರೆಯುವವರು ವೆಬ್‌ಕ್ಯಾಮ್ ಕಣ್ಗಾವಲಿನಲ್ಲಿ ಕೋಣೆಯೊಳಗೆ ಒಬ್ಬರೇ ಇರಬೇಕಾಗುವುದರಿಂದ, ಹಲವರು ಕೂಡಿ ಬಾಡಿಗೆಗಿರುವ ಮನೆಯವರಿಗೆ ಪರೀಕ್ಷಾ ಕೇಂದ್ರವೇ ಅನುಕೂಲ. ಎಡಬ್ಲ್ಯುಎಸ್‌ನಲ್ಲಿ ಅನುತ್ತೀರ್ಣರಾದವರು 14 ದಿನ ಕಾದು, ಮತ್ತೆ ಪೂರ್ತಿ ಶುಲ್ಕ ಕಟ್ಟಬೇಕು. ಸಿಕೆಎ ಶುಲ್ಕದಲ್ಲಿ ಮರುಪರೀಕ್ಷೆಯ ಒಂದು ಅವಕಾಶ ಸೇರಿಯೇ ಇರುತ್ತದೆ.

ಉತ್ತೀರ್ಣರಾದ ಬಳಿಕ ಬಯೋಡೇಟಾದಲ್ಲಿ ಪತ್ರದ ಹೆಸರಿನೊಂದಿಗೆ ಆನ್‌ಲೈನ್ ಪರಿಶೀಲನೆಯ ಕೊಂಡಿಯನ್ನೂ ಪಡೆದ ವರ್ಷವನ್ನೂ ಕೊಟ್ಟು, ಅದರ ಕೆಳಗೇ ಆ ತಂತ್ರಜ್ಞಾನ ಬಳಸಿ ಕಟ್ಟಿದ ಒಂದು ಯೋಜನೆಯನ್ನು ನಮೂದಿಸಬೇಕು. ಅವಧಿ ಮುಗಿಯುವ ದಿನವನ್ನೂ ಗುರುತಿಟ್ಟುಕೊಳ್ಳಬೇಕು: ಎಡಬ್ಲ್ಯುಎಸ್ ಪತ್ರಗಳು ಮೂರು ವರ್ಷ ಬಾಳುತ್ತವೆ, ಮೈಕ್ರೋಸಾಫ್ಟ್‌ನ ಅಸೋಸಿಯೇಟ್ ಹಂತದವು ಒಂದೇ ವರ್ಷದವಾದರೂ, ಅವಧಿ ಮುಗಿಯುವ ಮುನ್ನಿನ ಆರು ತಿಂಗಳಲ್ಲಿ ಅವುಗಳನ್ನು ಆನ್‌ಲೈನ್‌ನಲ್ಲಿ ಶುಲ್ಕವಿಲ್ಲದೆ ನವೀಕರಿಸಿಕೊಳ್ಳಬಹುದು.